ದಿನಾ ಅದೇ ಪೀನಟ್ ಬಟರ್, ಬೇಜಾರಾಗಲ್ವಾ?

ಇಲ್ಲ, ಆಗಲ್ಲ.

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ. ಬೆಳಿಗ್ಗೆ ಎರಡು ತುಂಡು ಬ್ರೆಡ್ ಬಿಸಿ ಮಾಡಿ, ಪೀನಟ್ ಬಟರ್ ಸವರಿಕೊಂಡು ತಿನ್ನುವುದು ನನ್ನ 11 ವರ್ಷದ ಅಭ್ಯಾಸ. ಸಿಟ್ಟು ಬರಿಸುವುದು ಪ್ರಶ್ನೆಯೊಳಗಿನ ಆ ‘ಅದೇ’. ದಿನಾ ಅದೇ ಕಾಫಿ ಕುಡಿಯುವವರನ್ನು ಯಾರೂ ಹೀಗೆ ಕೇಳುವುದಿಲ್ಲ. ಎದ್ದು ಹತ್ತು ನಿಮಿಷವೂ ಆಗಿರದ ಹೊತ್ತಿನಲ್ಲಿ ನನಗೆ ಹೊಸ ರುಚಿ ಬೇಡ. ಒಲೆ ಹಚ್ಚಿಸದ, ಮಧ್ಯಾಹ್ನದವರೆಗೆ ಹೊಟ್ಟೆ ತಡೆಯುವ ತಿಂಡಿ ಬೇಕು. ಎರಡು ದೊಡ್ಡ ಚಮಚ, ಅಂದರೆ 32 ಗ್ರಾಂನಲ್ಲಿ ಸುಮಾರು 190 ಕ್ಯಾಲೊರಿ, 7 ಗ್ರಾಂ ಪ್ರೋಟೀನ್, 16 ಗ್ರಾಂ ಕೊಬ್ಬು. ‘ಅಷ್ಟೊಂದು ಕೊಬ್ಬಾ!’ ಅನ್ನಬೇಡಿ. ಅದರಲ್ಲಿ ಬಹುಪಾಲು ಅಪರ್ಯಾಪ್ತ (ಅನ್‌ಸ್ಯಾಚುರೇಟೆಡ್) ಕೊಬ್ಬು, ಅಂದರೆ ಹೃದಯಕ್ಕೆ ಒಳ್ಳೆಯದೆನ್ನುವ ಬಗೆಯದು, ಮತ್ತು ನಾನು ಅಳೆದೇ ಹಾಕಿಕೊಳ್ಳುತ್ತೇನೆ. ಅಲರ್ಜಿ ಇರುವವರ ಮಾತು ಬೇರೆ, ಅವರಿಗಿದು ಪ್ರಾಣಕ್ಕೇ ಸಂಚಕಾರ.

‘ಅದು ಮಕ್ಕಳು ತಿನ್ನೋದಲ್ವಾ?’ ಎನ್ನುವವರೂ ಇದ್ದಾರೆ. ಹೌದು, ಮಕ್ಕಳು ತಿನ್ನುತ್ತಾರೆ. ತೀವ್ರ ಅಪೌಷ್ಟಿಕತೆಯಿಂದ ಸೊರಗಿದ ಮಕ್ಕಳಿಗಾಗಿ 1996ರಲ್ಲಿ ಫ್ರಾನ್ಸಿನಲ್ಲಿ ರೂಪಿಸಿದ ಪ್ಲಂಪಿನಟ್ ಇದರದೇ ಬಳಗದ್ದು: ಕಡಲೆಕಾಯಿ ಪೇಸ್ಟಿಗೆ ಹಾಲಿನ ಪುಡಿ, ಸಕ್ಕರೆ, ಎಣ್ಣೆ, ವಿಟಮಿನ್ನು ಸೇರಿಸಿದ್ದು. 92 ಗ್ರಾಂ ಪೊಟ್ಟಣದಲ್ಲಿ 500 ಕ್ಯಾಲೊರಿ. ಬೇಯಿಸಬೇಕಿಲ್ಲ, ನೀರು ಬೆರೆಸಬೇಕಿಲ್ಲ. ಅದರಲ್ಲಿ ನೀರಿನಂಶ ತೀರಾ ಕಡಿಮೆ, ಹಾಗಾಗಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ನನ್ನ ಡಬ್ಬಿ ಫ್ರಿಜ್ ಇಲ್ಲದೆಯೂ ವಾರಗಟ್ಟಲೆ ಚೆನ್ನಾಗಿರುವುದು ಇದೇ ಗುಣದಿಂದ.

ಇದು ಗೊತ್ತಿಲ್ಲದ್ದರಿಂದಲೇ ಒಮ್ಮೆ ಅನಾಹುತವಾಯಿತು. ಮನೆಗೆ ಬಂದಿದ್ದ ಚಿಕ್ಕಮ್ಮ ನನಗಿಂತ ಮೊದಲೇ ಎದ್ದು ಹೊಸ ಡಬ್ಬಿ ತೆರೆದಿದ್ದರು. ಕಡಲೆಕಾಯಿ, ಉಪ್ಪು ಬಿಟ್ಟರೆ ಬೇರೇನೂ ಇಲ್ಲದ ಡಬ್ಬಿ. ‘ಮೇಲೆಲ್ಲ ಎಣ್ಣೆ ನಿಂತಿತ್ತು ಕಣೇ, ಕೆಟ್ಟಿರಬೇಕು ಅಂತ ಬಸಿದುಬಿಟ್ಟೆ’ ಎಂದರು. ಉಳಿದದ್ದು ಒಣಗಿದ ಜೇಡಿಮಣ್ಣು. ಚಾಕು ಒತ್ತಿದರೆ ಉಂಡೆಯಾಗಿ ಎದ್ದು ಬರುತ್ತಿತ್ತು, ಸವರಲು ಹೋದರೆ ಬ್ರೆಡ್ಡೇ ಹರಿಯುತ್ತಿತ್ತು. ನಾನು ಆ ಡಬ್ಬಿಯನ್ನು ಮುಗಿಸಿದೆ, ಆದರೆ ಒಂದು ದಿನವೂ ಖುಷಿಯಿಂದಲ್ಲ.

ನನ್ನನ್ನು ಕೇಳಬೇಕಿದ್ದ ಪ್ರಶ್ನೆ ಇದು: ಆ ಎಣ್ಣೆ ಯಾಕೆ ಮೇಲೆ ಬರುತ್ತದೆ? ಕಡಲೆಕಾಯಿ ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ. ಅರೆದಾಗ ಅದು ಬಿಟ್ಟುಕೊಳ್ಳುತ್ತದೆ, ಹಗುರ ಇರುವುದರಿಂದ ತೇಲುತ್ತದೆ. 1920ರ ದಶಕದಲ್ಲಿ ಜೋಸೆಫ್ ರೋಸ್‌ಫೀಲ್ಡ್ ಎಂಬ ಅಮೆರಿಕನ್ ಉದ್ಯಮಿ ಹೈಡ್ರೋಜನೀಕರಿಸಿದ, ಅಂದರೆ ಹೈಡ್ರೋಜನ್ ಸೇರಿಸಿ ಗಟ್ಟಿಯಾಗಿಸಿದ ಎಣ್ಣೆ ಬಳಸಿ ಇದನ್ನು ತಡೆದರು. ಡಬ್ಬಿ ನಯವಾಯಿತು. ಆಮೇಲೆ ಬೇರೆ ಬೇರೆ ಎಣ್ಣೆಗಳು ಎಷ್ಟು ತುಂಬಿಕೊಂಡವೆಂದರೆ, ‘ಪೀನಟ್ ಬಟರ್’ ಎನ್ನಿಸಿಕೊಳ್ಳಲು ಕಡಲೆಕಾಯಿ ಎಷ್ಟಿರಬೇಕು ಎಂದು ಅಮೆರಿಕ ಸರ್ಕಾರವೇ ಕೇಳಬೇಕಾಯಿತು. ಸರ್ಕಾರ 90 ಶೇಕಡ ಎಂದಿತು, ಕಂಪನಿಗಳು 87 ಸಾಕು ಎಂದವು. 1959ರಲ್ಲಿ ಶುರುವಾದ ಜಗಳ ಮುಗಿದು 90 ಜಾರಿಗೆ ಬಂದದ್ದು 1971ರಲ್ಲಿ. ಮೂರು ಶೇಕಡಕ್ಕೆ ಅಷ್ಟು ವರ್ಷ! ನನಗಂತೂ ಆ ಹಟ ಸರಿಯೆನಿಸುತ್ತದೆ. ದಿನಾ ತಿನ್ನುವವರಿಗೆ ಮೂರು ಶೇಕಡ ಸಣ್ಣದಲ್ಲ.

ಮೊನ್ನೆ ಚಿಕ್ಕಮ್ಮ ಫೋನ್ ಮಾಡಿದ್ದರು. ಅವರೂ ಒಂದು ಡಬ್ಬಿ ತಂದಿದ್ದಾರಂತೆ. ‘ಎಣ್ಣೆ ನಿಂತಿದೆ, ಈಗೇನು ಮಾಡಲಿ?’

‘ಮುಚ್ಚಳ ಬಿಗಿಮಾಡಿ ರಾತ್ರಿಯಿಡೀ ತಲೆಕೆಳಗಾಗಿ ಇಡಿ. ಬೆಳಿಗ್ಗೆ ಚಾಕು ತಳ ಮುಟ್ಟಿಸಿ, ಕೆಳಗಿನದನ್ನು ನಿಧಾನಕ್ಕೆ ಮೇಲೆತ್ತುತ್ತಾ ಕಲಸಿ. ಅವಸರ ಮಾಡಿದರೆ ಚೆಲ್ಲುತ್ತದೆ. ಒಂದು ಸಲ ಹದಕ್ಕೆ ಬಂದಮೇಲೆ ಫ್ರಿಜ್‌ನಲ್ಲಿಡಿ, ಮತ್ತೆ ಬೇಗ ಬೇರೆಯಾಗಲ್ಲ.’

‘ಎಣ್ಣೆ ಚೆಲ್ಲಬಾರದು ತಾನೆ?’

‘ಒಂದು ಹನಿಯೂ ಬೇಡ ಚಿಕ್ಕಮ್ಮ.’