ಗಿಳಿ ಬಾಯಿಬಿಟ್ಟಿತು, ತಂದವರು ಬಿಡಲಿಲ್ಲ

ವನ್ಯಜೀವಿ ಪುನರ್ವಸತಿ ಕೇಂದ್ರವೊಂದರಲ್ಲಿ ಪಶುವೈದ್ಯೆಯಾಗಿ ಸೇರಿ ಎರಡು ತಿಂಗಳೂ ಆಗಿರಲಿಲ್ಲ. ಒಂದು ಬೆಳಿಗ್ಗೆ ಐವತ್ತು ದಾಟಿದ ಒಬ್ಬರು ರಟ್ಟಿನ ಪೆಟ್ಟಿಗೆ ಹಿಡಿದು ಬಂದರು. “ಗಿಳಿ ಮರಿ ಮೇಡಂ. ಈಗಷ್ಟೇ ಮರದ ಕೆಳಗೆ ಸಿಕ್ಕಿತು” ಎಂದರು. ಮುಚ್ಚಳ ತೆಗೆದೆ. ಕೊರಳಿನ ಗುಲಾಬಿ ಉಂಗುರ ಪೂರ್ತಿ ಮೂಡಿದ್ದ ಗಂಡು ಗಿಳಿ. ಆ ಉಂಗುರ ಬರಲು ಎರಡು ಮೂರು ವರ್ಷವಾದರೂ ಬೇಕು. ರೆಕ್ಕೆ ಬಿಡಿಸಿ ನೋಡಿದರೆ ಹಾರುವ ಗರಿಗಳೆಲ್ಲ ಕತ್ತರಿಯಲ್ಲಿ ಒಂದೇ ಗೆರೆಗೆ ತುಂಡಾಗಿದ್ದವು. ನಾನು ತಲೆಯೆತ್ತುವ ಮೊದಲೇ ಪೆಟ್ಟಿಗೆಯೊಳಗಿಂದ ಸ್ಪಷ್ಟವಾಗಿ ಕೇಳಿಸಿತು: “ಅಪ್ಪಾ, ಬಾ.”

ಈಗ ನೆನೆದರೆ ನಗು ಬರುತ್ತದೆ. ಅಂದು ನಾನು ನಗಲಿಲ್ಲ. ಕಾಯ್ದೆ ಹೊಸದಾಗಿ ಓದಿಕೊಂಡಿದ್ದವಳ ಉತ್ಸಾಹ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಶುರುಮಾಡಿ, ನಮ್ಮ ನೆಲದ ಗಿಳಿಯನ್ನು ಪಂಜರದಲ್ಲಿ ಇಡುವುದೇ ಅಪರಾಧ, ಲವ್‌ಬರ್ಡ್ಸ್ ಎಂದು ಅಂಗಡಿಯಲ್ಲಿ ಮಾರುವ ಆಸ್ಟ್ರೇಲಿಯಾ ಮೂಲದ ಹಕ್ಕಿಗಳ ಲೆಕ್ಕವೇ ಬೇರೆ, ಇದರ ಲೆಕ್ಕವೇ ಬೇರೆ ಎಂದು ಐದು ನಿಮಿಷ ಪಾಠ ಹೇಳಿದೆ. ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅವರು ನೆಲ ನೋಡುತ್ತ ಕೇಳಿಸಿಕೊಂಡರು. “ಇದಕ್ಕೆ ಏನು ಕೊಡುತ್ತಿದ್ದಿರಿ?” ಎಂದು ಕೊನೆಯಲ್ಲಿ ಕೇಳಿದೆ. “ಇವತ್ತೇ ಸಿಕ್ಕಿದ್ದಲ್ಲವೇ, ಏನೂ ಕೊಟ್ಟಿಲ್ಲ” ಎಂದು ಸಹಿ ಹಾಕಿ ಹೊರಟೇಬಿಟ್ಟರು.

ಹಕ್ಕಿ ಸೀನುತ್ತಿತ್ತು, ಒಂದು ಕಣ್ಣಿನ ಸುತ್ತ ಊದಿತ್ತು, ಬಾಯೊಳಗೆ ಬಿಳಿ ಕಲೆಗಳಿದ್ದವು. ಸೋಂಕು ಎಂದು ತೀರ್ಮಾನಿಸಿ ಆ್ಯಂಟಿಬಯೋಟಿಕ್ ಶುರುಮಾಡಿದೆ. ಒಂದು ವಾರವಾದರೂ ಗುಣವಿಲ್ಲ. ಔಷಧಿ ಬದಲಿಸಿದೆ. ನಾವು ಇಟ್ಟ ಹಣ್ಣು, ಸೊಪ್ಪು ಯಾವುದನ್ನೂ ಅದು ಮುಟ್ಟುತ್ತಿರಲಿಲ್ಲ, ದಿನದಿಂದ ದಿನಕ್ಕೆ ತೂಕ ಇಳಿಯುತ್ತಿತ್ತು. ನಮ್ಮಲ್ಲಿ ಪ್ರಾಣಿಪಾಲಕರಾಗಿದ್ದ ಹಿರಿಯರೊಬ್ಬರು ಪಂಜರ ತೊಳೆಯುತ್ತಲೇ ಹೇಳಿದರು: “ಮೇಡಂ, ಆ ಮನುಷ್ಯರಿಗೆ ಎಲ್ಲ ಗೊತ್ತಿತ್ತು. ನೀವು ಹೇಳಲು ಬಿಡಲಿಲ್ಲ.”

ಒಂಬತ್ತನೆಯ ದಿನ ಅದೇ ಮನುಷ್ಯರು ಗೇಟಿನ ಹೊರಗೆ ನಿಂತಿದ್ದರು. ಒಳಗೆ ಬರಲಿಲ್ಲ. ಪಾಲಕರ ಕೈಗೆ ಒಂದು ಡಬ್ಬಿ ಕೊಟ್ಟು, “ಅದು ಇದನ್ನು ಬಿಟ್ಟು ಬೇರೇನೂ ತಿನ್ನುವುದಿಲ್ಲ” ಎಂದಷ್ಟೇ ಹೇಳಿದರಂತೆ. ಡಬ್ಬಿಯ ತುಂಬ ಸೂರ್ಯಕಾಂತಿ ಬೀಜ.

ಕಾಯಿಲೆಯ ಹೆಸರು ಆ ಡಬ್ಬಿಯಲ್ಲೇ ಇತ್ತು. ವರ್ಷಗಟ್ಟಲೆ ಬರೀ ಬೀಜ ತಿಂದ ಗಿಳಿಗೆ ಎ ಜೀವಸತ್ವ ಸಾಲದೆ ಬಾಯಿ, ಮೂಗು, ಗ್ರಂಥಿಗಳ ಒಳಪೊರೆ ದಪ್ಪಗಟ್ಟುತ್ತದೆ, ಸೋಂಕು ಅದರ ಮೇಲೆ ಕೂರುತ್ತದೆ. ಮೇಲೆ ಕೂತ ಸೋಂಕಿಗೆ ನಾನು ಮದ್ದು ಕೊಡುತ್ತಿದ್ದೆ, ಅಡಿಯಲ್ಲಿದ್ದದ್ದನ್ನು ನೋಡಿರಲಿಲ್ಲ. ಬೀಜಕ್ಕೆ ಒಗ್ಗಿದ ಹಕ್ಕಿಗೆ ಕ್ಯಾರೆಟ್ ತುರಿ ಆಹಾರವೆಂದೇ ತಿಳಿಯುವುದಿಲ್ಲ ಎಂಬುದೂ ಆಗಲೇ ಅರ್ಥವಾಯಿತು. ಬೀಜದೊಳಗೆ ತುರಿ ಬೆರೆಸಿ, ಬೀಜವನ್ನು ಚೂರುಚೂರಾಗಿ ಕಡಿಮೆ ಮಾಡುತ್ತ ಬರಲು ವಾರಗಳು ಹಿಡಿದವು. ಒಂಬತ್ತು ದಿನ ಮೊದಲೇ ಶುರುಮಾಡಬಹುದಿತ್ತು.

ಹಕ್ಕಿ ಬದುಕಿತು. ಗರಿ ಉದುರಿ ಹೊಸತು ಬಂದ ಮೇಲೆ ಹಾರಲೂ ಹಾರಿತು. ಆದರೆ ಮನುಷ್ಯರು ಹತ್ತಿರ ಬಂದರೆ ಉಳಿದ ಗಿಳಿಗಳು ಜಾಲರಿಯ ತುದಿಗೆ ಹಾರಿದರೆ, ಇದು ಕೆಳಗಿಳಿದು “ಅಪ್ಪಾ, ಬಾ” ಎನ್ನುತ್ತದೆ. ಇದನ್ನು ಕಾಡಿಗೆ ಬಿಟ್ಟರೆ ಮೊದಲು ಸಿಕ್ಕ ಮನುಷ್ಯರ ಭುಜದ ಮೇಲೆ ಕೂರುತ್ತದೆ. ಹಾಗಾಗಿ ಬಿಟ್ಟಿಲ್ಲ.

ಆಮೇಲಿನ ವರ್ಷಗಳಲ್ಲಿ ಕಂಡದ್ದೆಲ್ಲ ಇದೇ ಕಥೆಯ ಬೇರೆ ಬೇರೆ ರೂಪ. ಕಟುಕರು ನಮ್ಮ ಬಾಗಿಲಿಗೆ ಬರುವುದಿಲ್ಲ, ಬರುವವರು ಪ್ರೀತಿಯಿಂದ ಸಾಕಿದವರೇ. ಅಳಿಲು ಮರಿಗೆ ಹಸುವಿನ ಹಾಲು ಕುಡಿಸಿ ಭೇದಿಗೆ ಬೀಳಿಸಿದವರು. ಹುಲ್ಲಿನಲ್ಲಿ ಅಲುಗಾಡದೆ ಮಲಗಿದ್ದ ಜಿಂಕೆ ಮರಿಯನ್ನು ಅನಾಥವೆಂದು ಎತ್ತಿಕೊಂಡು ಬಂದವರು. ತಾಯಿ ಅದನ್ನು ಅಲ್ಲಿ ಅಡಗಿಸಿ ಮೇಯಲು ಹೋಗಿರುತ್ತದೆ. ಮಗುವಿನಂತೆ ಅಪ್ಪಿ ಬೆಳೆಸಿದ ಕೋತಿ ನಾಲ್ಕೈದು ವರ್ಷಕ್ಕೆ ಪ್ರಾಯಕ್ಕೆ ಬಂದು ಮನೆಯವರನ್ನೇ ಕಚ್ಚಿದಾಗ ಕಂಗಾಲಾದವರು.

ಹೆಚ್ಚು ನೋವಾಗುವುದು ನಕ್ಷತ್ರ ಆಮೆಯನ್ನು ನೋಡಿದಾಗ. ಅದೃಷ್ಟ ತರುತ್ತದೆ ಎಂಬ ನಂಬಿಕೆಯೇ ಅದರ ದುರದೃಷ್ಟ. ಒಣ ಕುರುಚಲು ಕಾಡಿನಲ್ಲಿ ಹುಲ್ಲು ಮೇಯುವ ಈ ಪ್ರಾಣಿಯನ್ನು ಹೆಸರಿನಲ್ಲಿ ಆಮೆ ಇದೆಯೆಂದು ನೀರಿನ ತೊಟ್ಟಿಯಲ್ಲಿ ಇಡುತ್ತಾರೆ. ಇಲ್ಲವೇ ಬಿಸಿಲು ಬೀಳದ ಮೂಲೆಯಲ್ಲಿ. ಬಿಸಿಲೂ ಸುಣ್ಣದ ಅಂಶವೂ ಇಲ್ಲದೆ ಬೆಳೆದ ಒಂದರ ಚಿಪ್ಪನ್ನು ಹೆಬ್ಬೆರಳಿನಿಂದ ಒತ್ತಿದೆ. ಒಣಗಿದ ಹಲಸಿನ ತೊಳೆಯಂತೆ ಒಳಗೆ ಹೋಯಿತು, ಮತ್ತೆ ಮೇಲೆ ಬಂತು. ಕಳ್ಳಸಾಗಣೆಯ ಕಾಟ ತಾಳಲಾರದೆ 2019ರಲ್ಲಿ ಇದನ್ನು ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಏರಿಸಿದರು. ಚಿಪ್ಪು ಮೆತ್ತಗಾದ ಈ ಒಂದಕ್ಕೆ ಅದರಿಂದ ಆದದ್ದೇನೂ ಇಲ್ಲ.

“ಹಾಗಾದರೆ ಕಾಡುಪ್ರಾಣಿಗಳಲ್ಲಿ ಯಾವುದನ್ನು ಸಾಕಬಹುದು?” ಎಂದು ಕೇಂದ್ರಕ್ಕೆ ಬರುವ ಮಕ್ಕಳು ತಪ್ಪದೆ ಕೇಳುತ್ತಾರೆ. ಯಾವುದನ್ನೂ ಅಲ್ಲ ಎಂಬ ಉತ್ತರ ಅವರಿಗೆ ರುಚಿಸುವುದಿಲ್ಲ. ನಾಯಿ ಮನುಷ್ಯರೊಂದಿಗೆ ಬದುಕತೊಡಗಿ ಹತ್ತು ಸಾವಿರ ವರ್ಷಕ್ಕೂ ಮಿಕ್ಕಿತು. ನಾಯಿಮರಿ ಹುಟ್ಟುವಾಗಲೇ ಅಷ್ಟೂ ತಲೆಮಾರಿನ ಒಡನಾಟವನ್ನು ಹೊತ್ತು ಬರುತ್ತದೆ. ಪೊಟರೆಯಿಂದ ಕಿತ್ತು ತಂದ ಗಿಳಿ ಮರಿ ಪಳಗಬಹುದು. ಪಳಗಿದ್ದು ಅದೊಂದೇ, ಅದರ ಕುಲವಲ್ಲ. ಇದನ್ನು ಹೇಳಿದರೆ ದೊಡ್ಡವರಿಗಿಂತ ಮಕ್ಕಳೇ ಬೇಗ ಹಿಡಿಯುತ್ತಾರೆ.

ನನ್ನ ಕೆಲಸದಲ್ಲಿ ಬದಲಾದದ್ದು ಪ್ರಶ್ನೆಗಳ ಕ್ರಮ. ಮೊದಲು ಕುರ್ಚಿ ಕೊಡುತ್ತೇನೆ. ಪ್ರಾಣಿಯ ಹೆಸರೇನು ಎನ್ನುತ್ತೇನೆ. ಈಗಷ್ಟೇ ದಾರಿಯಲ್ಲಿ ಸಿಕ್ಕ ಪ್ರಾಣಿಗೆ ಹೆಸರಿರುವುದಿಲ್ಲ, ಆದರೂ ಮುಕ್ಕಾಲು ಪಾಲು ಜನ ಹೇಳಿಬಿಡುತ್ತಾರೆ. ಬೆಳಿಗ್ಗೆ ಏನು ತಿನ್ನುತ್ತಾನೆ, ಎಲ್ಲಿ ಮಲಗುತ್ತಾನೆ, ಬಿಸಿಲಿಗೆ ಬಿಡುತ್ತೀರಾ ಎಂದು ಒಂದೊಂದಾಗಿ ಕೇಳಿ ಬರೆದುಕೊಳ್ಳುತ್ತೇನೆ. ಕಾಯ್ದೆಯ ಮಾತು ಅವರು ಹೊರಡುವ ಮುನ್ನ, ತಗ್ಗಿದ ದನಿಯಲ್ಲಿ. ಅದನ್ನು ಹೇಳದೆ ಬಿಡುವುದಿಲ್ಲ, ಇಲ್ಲದಿದ್ದರೆ ಮುಂದಿನ ತಿಂಗಳು ಖಾಲಿ ಪಂಜರಕ್ಕೆ ಇನ್ನೊಂದು ಗಿಳಿ ಬರುತ್ತದೆ.

ಎಲ್ಲಿ ಸಿಕ್ಕಿತು ಎಂಬ ಕಾಲಂ ಫಾರಂನ ಕೊನೆಗೆ ಹೋಗಿದೆ. ಅಷ್ಟೆಲ್ಲ ಹೇಳಿದ ಮೇಲೂ ಅಲ್ಲಿಗೆ ಬಂದಾಗ ಹೆಚ್ಚಿನವರು “ಮರದ ಕೆಳಗೆ” ಎಂದೇ ಬರೆಸುತ್ತಾರೆ.