ಕಿಂಡರ್ ಸ್ಕೌಟ್‌ನ ಒರತೆಯಂಚಿನ ಎರಡು ಜೇಕುಗಳು

ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ನಾನು ಕಳೆದ ನಾಲ್ಕು ದಿನಗಳಲ್ಲಿ ಬರೆದಿಡಬಯಸುವುದು ಒಂದು ಮಧ್ಯಾಹ್ನವನ್ನು ಮಾತ್ರ. ಜೂನ್ ಮೊದಲ ವಾರ, ಈಡೇಲ್ ಹಳ್ಳಿಯಿಂದ 636 ಮೀಟರ್ ಎತ್ತರದ ಕಿಂಡರ್ ಸ್ಕೌಟ್ ಹತ್ತಿ ಇಳಿಯುತ್ತಿದ್ದೆ. ಮೇಲಿನ, ಅರೆಕೊಳೆತ ಗಿಡಗಳಿಂದಾದ ಕಪ್ಪು ಪೀಟ್ ನೆಲದಲ್ಲಿ ಹತ್ತಿಹುಲ್ಲಿನ ಬಿಳಿ ಕುಚ್ಚುಗಳು ಗಾಳಿಗೆ ಓಲಾಡುತ್ತಿದ್ದವು. ಹೆಸರಿನಲ್ಲಿ ಹುಲ್ಲಿದ್ದರೂ ಅದು ಹುಲ್ಲನ್ನು ಹೋಲುವ ಜೇಕಿನ (ಸೆಡ್ಜ್) ಕುಟುಂಬದ್ದೇ. ನೋಡುಗರೆಲ್ಲ ಅದರ ಚಿತ್ರ ತೆಗೆಯುತ್ತಾರೆ. ನನ್ನನ್ನು ತಡೆದು ನಿಲ್ಲಿಸಿದ್ದು ಇಳಿಜಾರಿನ ಒರತೆಯಂಚಿನಲ್ಲಿದ್ದ, ಮೊಣಕಾಲೆತ್ತರವೂ ಇಲ್ಲದ ಬೂದುಹಸಿರು ಗಿಡ.

ಗದ್ದೆಯ ಕಳೆ ಕೀಳುವಾಗ ಅಜ್ಜಿ ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿ, ಮೂರು ಏಣು ತಾಗಿದರೆ ಜೇಕೆಂದು ತಿಳಿ ಎನ್ನುತ್ತಿದ್ದರು. ಇಲ್ಲಿಯೂ ಮೂರು ಏಣು ತಾಗಿದವು. ಆದರೆ ಕೇರೆಕ್ಸ್ ನೈಗ್ರಾ, ಕೇರೆಕ್ಸ್ ಪ್ಯಾನಿಸಿಯಾ ಎಂಬ ಎರಡು ಜೇಕುಗಳು ಇಂಥದೇ ಜೌಗಿನಲ್ಲಿ, ಇದೇ ಬಣ್ಣದ ಎಲೆಗಳೊಂದಿಗೆ ಬೆಳೆಯುತ್ತವೆ. ತೆನೆಯನ್ನು ನೋಡಲು ಬಾಗಿದಾಗ ಅಂಗಿಯ ಜೇಬಿನಲ್ಲಿದ್ದ ಭೂತಗನ್ನಡಿ ಕೆಸರಿಗೆ ಬಿದ್ದು ಮುಳುಗಿತು. ಅರ್ಧ ಗಂಟೆ ಹುಡುಕಿದರೂ ಸಿಗಲಿಲ್ಲ. ಜೌಗಿಗೆ ಹೋಗುವವರು ಭೂತಗನ್ನಡಿಯನ್ನು ದಾರ ಕಟ್ಟಿ ಕೊರಳಿಗೇ ಹಾಕಿಕೊಳ್ಳಬೇಕು.

ನನ್ನ ಹುಡುಕಾಟ ಕಂಡು ನಿಂತ ಹಿರಿಯ ಮಹಿಳೆಯೊಬ್ಬರು ತಮ್ಮ ಕೊರಳಿನದನ್ನು ಬಿಚ್ಚಿ ಕೊಟ್ಟರು.

“ಎಲೆಯ ಬಣ್ಣ ಬಿಡಿ. ಕಾಯಿಯ ತುದಿಯಲ್ಲಿ ಎಷ್ಟು ಎಳೆಗಳಿವೆ?”

“ಎರಡು.”

“ಒಂದು ಮುರಿದಿರಬಹುದು. ಇನ್ನೂ ನಾಲ್ಕು ಕಾಯಿ ನೋಡಿ.”

ಐದರಲ್ಲೂ ಎರಡೇ ಇದ್ದವು. ಕಾಯಿಗಳು ಚಪ್ಪಟೆಯಾಗಿ, ಒತ್ತೊತ್ತಾಗಿ, ಕಪ್ಪು ಹೊಟ್ಟಿನ ನಡುವೆ ಹಸಿರಾಗಿ ಕೂತಿದ್ದವು.

“ಇದು ನೈಗ್ರಾ. ಈಗ ನಿಮ್ಮ ಎಡಗೈ ಹತ್ತಿರದ್ದನ್ನು ನೋಡಿ.”

ಅದರಲ್ಲಿ ಮೂರು ಎಳೆಗಳು; ಉಬ್ಬಿದ ಕೆಲವೇ ಕಾಯಿಗಳು ಬಿಡಿಬಿಡಿಯಾಗಿದ್ದವು. ಅಷ್ಟು ಹೊತ್ತೂ ಎರಡು ಜೇಕುಗಳನ್ನು ಒಂದೇ ಎಂದುಕೊಂಡು ಅವುಗಳ ನಡುವೆಯೇ ಮಂಡಿಯೂರಿದ್ದೆನೆಂದು ತಿಳಿದಾಗ ಆದ ಸಂತೋಷವನ್ನು ಆ ಬೆಟ್ಟದ ಯಾವ ನೋಟವೂ ನನಗೆ ಕೊಟ್ಟಿರಲಿಲ್ಲ.

ಒತ್ತಿ ಒಣಗಿಸಲೆಂದು ಒಂದನ್ನು ಕೀಳಹೋದೆ. ನೆಲದ ಒಡೆಯರ ಅನುಮತಿಯಿಲ್ಲದೆ ಕಾಡುಗಿಡವನ್ನು ಬುಡಸಮೇತ ಕೀಳುವುದನ್ನು ಇಲ್ಲಿನ 1981ರ ವನ್ಯಜೀವಿ ಕಾಯ್ದೆ ನಿಷೇಧಿಸಿದೆ ಎಂದು ಅವರು ಮೃದುವಾಗಿ ತಡೆದರು. ಬದಲಿಗೆ ಪ್ಯಾನಿಸಿಯಾದ ಎಲೆಯ ತುದಿಯನ್ನು ಮುಟ್ಟಿಸಿದರು. ಅಗಲವಾಗಿ ಬಂದ ಎಲೆ ಕೊನೆಗೆ ಮೂರು ಏಣಿನ ಮೊನೆಯಾಗಿತ್ತು. ಕಣ್ಣು ಮುಚ್ಚಿ ಒಂದೊಂದೇ ಎಲೆಯ ತುದಿಯನ್ನು ಬೆರಳಿನಲ್ಲಿ ಹೊರಳಿಸುತ್ತ, ಮಳೆ ಹನಿಯುವವರೆಗೂ ಅಲ್ಲೇ ಕೂತಿದ್ದೆ.