ಸ್ಟ್ರೈಟನಿಂಗ್ ಮಾಡಿಸುವ ಮೊದಲು ಬಾಟಲಿ ಓದಿ

ನನ್ನ ತಂಗಿಗೆ ದಟ್ಟವಾದ ಗುಂಗುರು ಕೂದಲು. ನೇರ ಮಾಡಿಸ್ತೀನಿ ಅಂದಾಗ ನಾನು ಬೇಡ ಅನ್ನಲಿಲ್ಲ. ಬಾಟಲಿ ಮೇಲೆ ಏನಿದೆ ಅಂತ ಇಬ್ಬರೂ ಕೂತು ಓದಿದೆವು.

ಕೂದಲಿಗೆ ಆಕಾರ, ಗಟ್ಟಿತನ ಕೊಡುವುದರಲ್ಲಿ ಅದರ ಮುಖ್ಯ ಪ್ರೋಟೀನ್ ಆದ ಕೆರಾಟಿನ್ ಒಳಗಿನ ಗಂಧಕದ ಬಂಧಗಳದ್ದು ದೊಡ್ಡ ಪಾಲು. ಅಮೋನಿಯಂ ಥಯೋಗ್ಲೈಕೊಲೇಟ್ (ಚಿಕ್ಕದಾಗಿ ‘ಥಯೋ’) ಇರುವ ಕ್ರೀಮ್ ಅವನ್ನು ಬಿಡಿಸುತ್ತದೆ. ಕೂದಲನ್ನು ನೇರ ಮಾಡಿದ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಮತ್ತೆ ಕೂಡಿಸುತ್ತಾರೆ. ಆದರೆ ಎಲ್ಲ ಬಂಧಗಳೂ ಮತ್ತೆ ಕೂಡುವುದಿಲ್ಲ. ಕೂದಲು ಮೊದಲಿಗಿಂತ ಬಲಹೀನ ಆಗುವುದು ಅದಕ್ಕೇ. ಹೊರಬಂದ ಕೂದಲಿಗೆ ಜೀವ ಇಲ್ಲ, ತಾನಾಗಿ ರಿಪೇರಿ ಆಗಲ್ಲ. ಕಂಡೀಷನರ್ ನುಣುಪು ಕೊಡುತ್ತದೆ, ಅಷ್ಟೇ.

ನನಗೆ ಜಾಸ್ತಿ ಭಯ ಇರುವುದು ಕೂದಲು ನೇರ ಮಾಡುವ ಇನ್ನೊಂದು ವಿಧಾನವಾದ ‘ಕೆರಾಟಿನ್ ಟ್ರೀಟ್‌ಮೆಂಟ್’ ಬಗ್ಗೆ. ಹೆಸರು ಕೇಳಿದರೆ ಪೋಷಣೆ ಅನಿಸುತ್ತದೆ ಅಲ್ವಾ? ಇಂಥ ಎಷ್ಟೋ ಉತ್ಪನ್ನಗಳು ಬಿಸಿ ಇಸ್ತ್ರಿ ತಾಗಿದಾಗ ಫಾರ್ಮಾಲ್ಡಿಹೈಡ್ ಅನಿಲ ಬಿಡುತ್ತವೆ. ಅದು ಕ್ಯಾನ್ಸರ್ ತರುವ ವಸ್ತು ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಲೇಬಲ್‌ನಲ್ಲಿ ಮೆಥಿಲೀನ್ ಗ್ಲೈಕಾಲ್, ಫಾರ್ಮಾಲಿನ್ ಅಂತ ಇದ್ದರೂ ಅದೇ ಕಥೆ. ಕಣ್ಣು ಉರಿದರೆ, ಗಂಟಲು ಕೆರೆದರೆ ಸುಮ್ನೆ ಸಹಿಸಿಕೊಂಡು ಕೂರಬೇಡಿ, ಎದ್ದು ಹೊರಗೆ ಬನ್ನಿ. ದಿನವಿಡೀ ಅದೇ ಗಾಳಿ ಕುಡಿಯುವ ಸಲೂನ್ ಕೆಲಸದವರನ್ನು ನೆನೆದರೆ ನನಗೆ ಸಂಕಟ ಆಗುತ್ತದೆ.

ತಂಗಿ ಕೊನೆಗೆ ಥಯೋ ಕ್ರೀಮನ್ನೇ ಆರಿಸಿಕೊಂಡಳು. ಇನ್ನು ಮುಂದೆ ಹೊಸದಾಗಿ ಬೆಳೆದ ಬುಡಕ್ಕೆ ಮಾತ್ರ ಹಚ್ಚಿಸಬೇಕು. ಹಾಗೇ, ಥಯೋ ತಾಗಿದ ಕೂದಲಿಗೆ ಸೋಡಿಯಂ ಹೈಡ್ರಾಕ್ಸೈಡ್ ಇರುವ ರಿಲ್ಯಾಕ್ಸರ್ (ಕೂದಲು ನೇರ ಮಾಡುವ ಇನ್ನೊಂದು ಬಗೆಯ ಕ್ರೀಮ್) ಹಾಕಲೇಬಾರದು. ಹಾಕಿದರೆ ಕೂದಲು ತುಂಡು ತುಂಡಾಗಿ ಕಿತ್ತು ಬರುತ್ತದೆ.